ಪಕ್ಷ ಬೇರೆಯಾದರೂ ಪರಿಸರದ ವಿಷಯದಲ್ಲಿ ಸಹಮತಕ್ಕೆ ಬರುವುದು ಸಾಧ್ಯವೇ?

ಪ್ರಶ್ನೆ: ಕೂಟದ ಸಂಚಾಲಕಿ

ಎಲ್ಲರಿಗೂ ನಮಸ್ಕಾರ.

ಹದಿನಾಲ್ಕು ಮಂದಿಯ ಚರ್ಚಾಕೂಟವೊಂದನ್ನು ನಾನು ಎರಡು ವರ್ಷಗಳಿಂದ ನಡೆಸಿಕೊಂಡು ಬರುತ್ತಿದ್ದೇನೆ. ಕೂಟದಲ್ಲಿ ಎಡಪಂಥದ ಕಡೆಗೆ ಒಲವಿರುವವರೂ ಇದ್ದಾರೆ, ಬಲಪಂಥದವರೂ ಇದ್ದಾರೆ, ಯಾವ ಪಕ್ಷದ ಮೇಲೂ ನಂಬಿಕೆ ಉಳಿಯದ ಇಬ್ಬರು ಮೂವರೂ ಇದ್ದಾರೆ. ಶಿಕ್ಷಣ, ಆರೋಗ್ಯ, ಭಾಷೆಯಂತಹ ವಿಷಯಗಳನ್ನು ಎತ್ತಿಕೊಂಡಾಗ ಮಾತು ಬಿಸಿಯಾದರೂ ಕೊನೆಗೆ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದರು. ಪರಿಸರದ ವಿಷಯ ಬಂದಾಗ ಮಾತ್ರ ಹತ್ತು ನಿಮಿಷದೊಳಗೆ ಚರ್ಚೆಯು ನದಿಯನ್ನೋ ಗಾಳಿಯನ್ನೋ ಬಿಟ್ಟು, ಯಾರು ಯಾರ ಕಡೆಯವರು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕಳೆದ ಸಭೆಯಲ್ಲಿ ಒಬ್ಬರು ಇನ್ನೊಬ್ಬರನ್ನು ‘ಅಭಿವೃದ್ಧಿ ವಿರೋಧಿ’ ಎಂದರು, ಅವರು ಇವರನ್ನು ‘ಬಂಡವಾಳಿಗರ ವಕೀಲ’ ಎಂದರು. ಅಂದಿನಿಂದ ಇಬ್ಬರೂ ಕೂಟಕ್ಕೆ ಬಂದಿಲ್ಲ. ಇಬ್ಬರೂ ಚೆನ್ನಾಗಿ ಓದಿಕೊಂಡವರು, ಇಬ್ಬರೂ ನನಗೆ ಬೇಕಾದವರು. ಆ ನೋವು ನನ್ನಲ್ಲಿ ಇನ್ನೂ ಆರಿಲ್ಲ.

ಎಲ್ಲರೂ ಉಸಿರಾಡುವುದು ಒಂದೇ ಗಾಳಿಯನ್ನು, ಆದ್ದರಿಂದ ಎಲ್ಲರೂ ಒಂದಾಗಬೇಕು ಎಂದು ಹೇಳುವುದು ಸುಲಭ. ಆ ಮಾತನ್ನು ನಾನೂ ಹೇಳಿ ನೋಡಿದ್ದೇನೆ. ಎಲ್ಲರೂ ತಲೆಯಾಡಿಸುತ್ತಾರೆ, ಅಷ್ಟರಿಂದ ಏನೂ ಆಗುವುದಿಲ್ಲ. ನಾನು ತಿಳಿಯಬಯಸುವುದು ಇದನ್ನು: ರಾಜಕೀಯವಾಗಿ ಎದುರುಬದುರು ನಿಂತವರು ಪರಿಸರದ ಒಂದು ನಿರ್ದಿಷ್ಟ ಪ್ರಶ್ನೆಯಲ್ಲಿ ನಿಜವಾಗಿ ಕೂಡಿ ನಡೆದ ಉದಾಹರಣೆಗಳು ಇವೆಯೇ? ಇದ್ದರೆ ಅದು ಹೇಗೆ ಸಾಧ್ಯವಾಯಿತು? ಸಹಮತದ ಹೆಸರಿನಲ್ಲಿ ವಿಷಯವನ್ನೇ ತೆಳುಮಾಡಿ, ಯಾರಿಗೂ ನೋವಾಗದ ಒಂದು ಠರಾವನ್ನು ಬರೆದುಕೊಂಡು ಏಳುವಂತಾಗಬಾರದು ಎಂಬ ಭಯವೂ ನನಗಿದೆ. ಅನುಭವ ಅಥವಾ ಓದು ಇರುವವರು ದಯವಿಟ್ಟು ಬಿಡಿಸಿ ಬರೆಯಬೇಕು.

ಉತ್ತರ: ಇತಿಹಾಸದ ವಿದ್ಯಾರ್ಥಿ

ಸಂಚಾಲಕರಿಗೆ ನಮಸ್ಕಾರ. ಪರಿಸರವು ಹುಟ್ಟಿನಿಂದಲೇ ಪಕ್ಷಗಳ ನಡುವಿನ ಜಗಳದ ವಸ್ತುವಾಗಿತ್ತು ಎಂದು ಇಂದಿನ ಅನೇಕರು ಭಾವಿಸಿದ್ದಾರೆ. ಅದು ಹಾಗಿರಲಿಲ್ಲ. ಇಂದು ಈ ವಿಷಯದಲ್ಲಿ ತೀರಾ ಒಡೆದುಹೋಗಿರುವ ಅಮೆರಿಕವನ್ನೇ ನೋಡಿ. 1970ರ ಏಪ್ರಿಲ್ 22ರಂದು ನಡೆದ ಮೊದಲ ಭೂ ದಿನಕ್ಕೆ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಗೇಲಾರ್ಡ್ ನೆಲ್ಸನ್ ಮತ್ತು ರಿಪಬ್ಲಿಕನ್ ಪಕ್ಷದ ಪೀಟ್ ಮೆಕ್‌ಕ್ಲಾಸ್ಕಿ ಜೊತೆಯಾಗಿ ಅಧ್ಯಕ್ಷರಾಗಿದ್ದರು. ಅದೇ ವರ್ಷ ಶುದ್ಧ ಗಾಳಿ ಕಾಯ್ದೆಗೆ ಸೆನೆಟ್ 73-0 ಮತಗಳಿಂದ ಒಪ್ಪಿಗೆ ನೀಡಿತು, ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಎರಡು ವರ್ಷಗಳ ನಂತರ ಶುದ್ಧ ನೀರಿನ ಕಾಯ್ದೆಗೆ ವೆಚ್ಚ ಬಹಳವಾಗುತ್ತದೆಂದು ಅದೇ ನಿಕ್ಸನ್ ತಡೆ ಒಡ್ಡಿದಾಗ, ಅವರದೇ ಪಕ್ಷದ ಅನೇಕರನ್ನೂ ಒಳಗೊಂಡ ಬಹುಮತವು ಸೆನೆಟ್‌ನಲ್ಲಿ 52-12, ಕೆಳಮನೆಯಲ್ಲಿ 247-23 ಮತಗಳಿಂದ ಆ ತಡೆಯನ್ನು ತಳ್ಳಿಹಾಕಿತು. ಈ ಬಿರುಕು ನಡುವೆ ಬಂದದ್ದು ಎಂಬುದನ್ನು ನಿಮ್ಮ ಕೂಟದವರು ತಿಳಿದರೆ, ಎದುರಿನವರ ನಿಲುವನ್ನು ಅವರ ಸ್ವಭಾವವೆಂದೇ ತಿಳಿಯುವ ಅಭ್ಯಾಸ ಸ್ವಲ್ಪ ಸಡಿಲಗೊಂಡೀತು.

ಆದರೆ ನಿಮಗೆ ಹೆಚ್ಚು ಉಪಯೋಗವಾಗುವ ಉದಾಹರಣೆ ಸೂರ್ಯನ ಹಾನಿಕರ ಕಿರಣಗಳನ್ನು ತಡೆಯುವ ಓಝೋನ್ ಪದರದ್ದು ಎಂದು ನನಗೆ ಅನ್ನಿಸುತ್ತದೆ. ಶೀತಕಗಳಲ್ಲಿ, ಸಿಂಪಡಣೆಯ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳು ಓಝೋನನ್ನು ನಾಶಮಾಡಬಲ್ಲವು ಎಂದು ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ತೋರಿಸಿದರು. ಅಂಟಾರ್ಕ್ಟಿಕಾದ ಮೇಲೆ ಆ ಪದರ ತೀವ್ರವಾಗಿ ತೆಳುವಾಗುತ್ತಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. 1987ರ ಸೆಪ್ಟೆಂಬರ್ 16ರಂದು, ಆ ರಾಸಾಯನಿಕಗಳನ್ನು ಕಡಿಮೆ ಮಾಡುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಮರುವರ್ಷ ಅಮೆರಿಕದ ಸೆನೆಟ್ ಅದನ್ನು 83-0 ಮತಗಳಿಂದ ಅನುಮೋದಿಸಿತು. ಆಗ ಅಮೆರಿಕದಲ್ಲಿ ರೇಗನ್, ಬ್ರಿಟನ್‌ನಲ್ಲಿ ಥ್ಯಾಚರ್ ಅಧಿಕಾರದಲ್ಲಿದ್ದರು. ಸರ್ಕಾರದ ನಿಯಂತ್ರಣಗಳನ್ನು ಕಡಿಮೆ ಮಾಡುತ್ತೇವೆಂದೇ ಗೆದ್ದು ಬಂದವರು ಇಬ್ಬರೂ.

ಅವರು ಒಪ್ಪಿಕೊಂಡ ಬಗೆಯನ್ನು ಗಮನಿಸಬೇಕು. ರೇಗನ್ ಆಡಳಿತದಲ್ಲಿ ಆರ್ಥಿಕ ಸಲಹೆಗಾರರು ಲಾಭನಷ್ಟದ ಲೆಕ್ಕ ಹಾಕಿ, ತಪ್ಪಿಸಬಹುದಾದ ಚರ್ಮದ ಕ್ಯಾನ್ಸರ್ ಸಾವುಗಳ ಮುಂದೆ ನಿಯಂತ್ರಣದ ವೆಚ್ಚ ಸಣ್ಣದು ಎಂದು ತೋರಿಸಿದರು. ಥ್ಯಾಚರ್ ಸ್ವತಃ ರಸಾಯನಶಾಸ್ತ್ರ ಓದಿದವರಾಗಿದ್ದರಿಂದ ವಿಜ್ಞಾನದ ವಾದ ಅವರಿಗೆ ನೇರವಾಗಿ ಮುಟ್ಟಿತು. ಬದಲಿ ರಾಸಾಯನಿಕಗಳನ್ನು ತಯಾರಿಸಬಲ್ಲ ಕಂಪನಿಗಳಿಗೆ ಎಲ್ಲ ದೇಶಗಳಿಗೂ ಒಂದೇ ನಿಯಮವಿರುವುದು ಅನುಕೂಲವೆನಿಸಿತು. ಬಡ ರಾಷ್ಟ್ರಗಳು ತಮಗೆ ಹೆಚ್ಚಿನ ಕಾಲಾವಕಾಶ ಬೇಕೆಂದು ಕೇಳಿ ಪಡೆದವು, 1990ರ ಲಂಡನ್ ಸಭೆಯಲ್ಲಿ ಬದಲಾವಣೆಯ ಖರ್ಚಿಗೆಂದು ನಿಧಿಯೊಂದು ಸಿದ್ಧವಾದ ಮೇಲೆ ಭಾರತ, ಚೀನಾದಂತಹ ದೇಶಗಳೂ ಒಳಬಂದವು. ಪರಿಸರವಾದಿಗಳಿಗಂತೂ ಅವರದೇ ಕಾರಣಗಳಿದ್ದವು. ಹೀಗೆ ಒಂದೇ ಕಾಗದಕ್ಕೆ ಎಲ್ಲರೂ ಸಹಿ ಹಾಕಿದರು, ಆದರೆ ಸಹಿ ಹಾಕಿದ ಕಾರಣ ಒಬ್ಬೊಬ್ಬರದು ಒಂದೊಂದು. ‘ನೀವು ಸರಿಯಾದ ಕಾರಣಕ್ಕಾಗಿ ಒಪ್ಪುತ್ತಿಲ್ಲ’ ಎಂದು ಯಾರಾದರೂ ಪಟ್ಟು ಹಿಡಿದಿದ್ದರೆ ಆ ಒಪ್ಪಂದ ಆಗುತ್ತಲೇ ಇರಲಿಲ್ಲ. ನಿಮ್ಮ ಕೂಟದಲ್ಲಿ ನಡೆಯುತ್ತಿರುವುದು ಬಹುಶಃ ಕಾರಣಗಳ ಜಗಳ; ಮಾಡಬೇಕಾದ ಕೆಲಸದ ಬಗ್ಗೆ ಎಷ್ಟು ಭಿನ್ನಾಭಿಪ್ರಾಯವಿದೆ ಎಂಬುದನ್ನು ನೀವು ಇನ್ನೂ ಅಳೆದೇ ಇಲ್ಲದಿರಬಹುದು.

1990ರಲ್ಲಿ ಅಮೆರಿಕದಲ್ಲಿ ಆಮ್ಲಮಳೆಯ ವಿಷಯದಲ್ಲಿ ನಡೆದದ್ದೂ ಇದೇ ಜಾತಿಯ ಕಥೆ. ವಿದ್ಯುತ್ ಸ್ಥಾವರಗಳಿಂದ ಹೊರಬರುವ ಸಲ್ಫರ್ ಡೈಆಕ್ಸೈಡನ್ನು 1980ರ ಮಟ್ಟಕ್ಕಿಂತ ಒಂದು ಕೋಟಿ ಟನ್ನುಗಳಷ್ಟು ಕಡಿಮೆ ಮಾಡಬೇಕೆಂಬ ಮೇಲ್ಮಿತಿಯನ್ನು ಕಾನೂನೇ ನಿಗದಿಮಾಡಿತು. ಅದನ್ನು ಸಾಧಿಸುವ ದಾರಿಯನ್ನು ಕಂಪನಿಗಳಿಗೆ ಬಿಟ್ಟು, ಹೊರಸೂಸುವ ಪರವಾನಗಿಗಳನ್ನು ಪರಸ್ಪರ ಮಾರಿಕೊಳ್ಳಲು ಅವಕಾಶ ಕೊಟ್ಟಿತು. ಮೇಲ್ಮಿತಿ ಪರಿಸರವಾದಿಗಳ ಬೇಡಿಕೆ, ಮಾರುಕಟ್ಟೆ ಎದುರಿನವರ ಬೇಡಿಕೆ. ಇಬ್ಬರೂ ತಮಗೆ ಮುಖ್ಯವಾದದ್ದನ್ನು ಬಿಟ್ಟುಕೊಡಲಿಲ್ಲ. ಹೊರಸೂಸುವಿಕೆ ನಿಜವಾಗಿಯೂ ಇಳಿಯಿತು, ಅದೂ ಮೊದಲು ಅಂದಾಜು ಮಾಡಿದ್ದಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ.

ಸಂಚಾಲಕಿಯ ಮರುಮಾತು

ತುಂಬಾ ಧನ್ಯವಾದಗಳು. ‘ಕಾರಣಗಳ ಜಗಳ’ ಎಂದು ನೀವು ಬರೆದದ್ದನ್ನು ಓದಿ, ಕಳೆದ ಸಭೆಯ ನನ್ನ ಟಿಪ್ಪಣಿಗಳನ್ನು ತೆಗೆದು ನೋಡಿದೆ. ಹೌದು, ಒಂದೂವರೆ ಗಂಟೆಯಲ್ಲಿ ‘ಹಾಗಾದರೆ ಏನು ಮಾಡೋಣ’ ಎಂಬ ಮಾತು ಒಮ್ಮೆಯೂ ಬಂದಿಲ್ಲ.

ಆದರೆ ನನಗೊಂದು ತೊಡಕು ಕಾಣುತ್ತಿದೆ. ಓಝೋನ್ ವಿಷಯದಲ್ಲಿ ಅಳತೆಗಳನ್ನಾದರೂ ಎಲ್ಲರೂ ನಂಬಿದರು. ನಮ್ಮಲ್ಲಿ ಸರ್ಕಾರದ ಅಂಕಿಗಳನ್ನು ಒಂದು ಕಡೆಯವರು ನಂಬುವುದಿಲ್ಲ, ಸ್ವಯಂಸೇವಾ ಸಂಸ್ಥೆಗಳ ಅಂಕಿಗಳನ್ನು ಇನ್ನೊಂದು ಕಡೆಯವರು ನಂಬುವುದಿಲ್ಲ. ನಾನು ಯಾವ ವರದಿ ತಂದರೂ ಅದನ್ನು ಬರೆದವರು ಯಾರು ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ.

ಉತ್ತರ: ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ

ಸಂಚಾಲಕರೇ, ನಿಮ್ಮ ತೊಡಕಿಗೆ ನೇರವಾಗಿ ಸಂಬಂಧಿಸಿದ ಒಂದು ಪ್ರಸಂಗ ನನಗೆ ಬಹಳ ಪ್ರಿಯವಾದದ್ದು. ಅದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಓಡೆನ್, ತಮ್ಮ ದೇಶದ ಸರೋವರಗಳು ಆಮ್ಲೀಯವಾಗಿ ಮೀನುಗಳು ಸಾಯುತ್ತಿರುವುದಕ್ಕೆ ದೂರದ ದೇಶಗಳ ಚಿಮಣಿಗಳಿಂದ ಗಾಳಿಯಲ್ಲಿ ತೇಲಿ ಬರುವ ಗಂಧಕವೇ ಕಾರಣವೆಂದು ವಾದಿಸಿದರು. ಆರೋಪಕ್ಕೆ ಒಳಗಾದ ದೇಶಗಳು ಒಪ್ಪಲಿಲ್ಲ. ಗಂಧಕ ಅಷ್ಟು ದೂರ ಹೋಗುವುದಿಲ್ಲ, ಹೋದರೂ ನಮ್ಮದೇ ಎನ್ನುವುದಕ್ಕೆ ಆಧಾರವೇನು ಎಂಬುದು ಅವರ ಉತ್ತರವಾಗಿತ್ತು. ಇದರ ಮೇಲೆ ಶೀತಲ ಸಮರ ಬೇರೆ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆದಾಗ ಸೋವಿಯತ್ ಒಕ್ಕೂಟ ಮತ್ತು ಅದರ ಬಹುಪಾಲು ಮಿತ್ರರಾಷ್ಟ್ರಗಳು ಬರಲೇ ಇಲ್ಲ. ನಿಮ್ಮ ಕೂಟದ ಇಬ್ಬರು ಸದಸ್ಯರ ನಡುವಿನ ಅಪನಂಬಿಕೆಯನ್ನು ಪರಸ್ಪರ ಅಣ್ವಸ್ತ್ರ ಗುರಿಯಿಟ್ಟು ಕುಳಿತ ಎರಡು ಬಣಗಳ ಅಪನಂಬಿಕೆಯೊಡನೆ ಹೋಲಿಸಿ ನೋಡಿ.

ಹಾಗಿದ್ದೂ 1979ರ ನವೆಂಬರಿನಲ್ಲಿ ಜಿನೀವಾದಲ್ಲಿ ಗಡಿದಾಟುವ ವಾಯುಮಾಲಿನ್ಯದ ಕುರಿತಾದ ಒಪ್ಪಂದಕ್ಕೆ ಎರಡೂ ಬಣಗಳು ಸಹಿ ಹಾಕಿದವು. ಆ ಒಪ್ಪಂದದಲ್ಲಿ ಯಾರೂ ಇಂತಿಷ್ಟು ಕಡಿಮೆ ಮಾಡಬೇಕೆಂಬ ಕಟ್ಟಳೆ ಇರಲೇ ಇಲ್ಲ. ಅದರಿಂದಾಗಿ ಅದನ್ನು ಹಲ್ಲಿಲ್ಲದ ಒಪ್ಪಂದವೆಂದು ಕರೆದವರೂ ಉಂಟು. ಅದರಲ್ಲಿ ಇದ್ದದ್ದು, ನಾನು ಬಹಳ ದೊಡ್ಡದೆಂದು ಭಾವಿಸುವ ಒಂದು ಸಂಗತಿ: ಎಲ್ಲರೂ ಕೂಡಿ ಅಳೆಯುವ ವ್ಯವಸ್ಥೆ. ಯುರೋಪಿನಾದ್ಯಂತ ಮಾಪನ ಕೇಂದ್ರಗಳ ಜಾಲವೊಂದು ಮೊದಲೇ ಆರಂಭವಾಗಿತ್ತು. ಒಪ್ಪಂದವು ಅದಕ್ಕೆ ಭದ್ರ ನೆಲೆ ಕೊಟ್ಟಿತು. ಅಂಕಿಗಳನ್ನು ಕೂಡಿಸಿ ಲೆಕ್ಕ ಹಾಕುವ ಕೇಂದ್ರ ಆಸ್ಲೋದಲ್ಲಿ ಒಂದು, ಮಾಸ್ಕೋದಲ್ಲಿ ಒಂದು. ಯಾವ ವಿಧಾನದಿಂದ ಅಳೆಯಬೇಕು, ಮಾದರಿಗಳನ್ನು ಹೇಗೆ ಸಂಗ್ರಹಿಸಬೇಕು ಎಂಬುದನ್ನು ಮೊದಲೇ ಒಟ್ಟಿಗೆ ಕುಳಿತು ನಿಶ್ಚಯಿಸಿಕೊಂಡರು. ಫಲಿತಾಂಶ ಬಂದ ಮೇಲೆ ‘ಇದು ನಿಮ್ಮವರ ಅಂಕಿ’ ಎನ್ನುವುದಕ್ಕೆ ಜಾಗವೇ ಉಳಿಯಲಿಲ್ಲ.

ಆಮೇಲಿನ ಬದಲಾವಣೆ ನಿಧಾನವಾಗಿ ಬಂದಿತು. ಗಂಧಕವನ್ನು ಶೇಕಡಾ 30ರಷ್ಟು ಇಳಿಸುವ ಒಡಂಬಡಿಕೆ 1985ರಲ್ಲಿ ಹೆಲ್ಸಿಂಕಿಯಲ್ಲಿ ಆಯಿತು. ಬ್ರಿಟನ್, ಪೋಲೆಂಡ್, ಅಮೆರಿಕ ಅದರಿಂದ ಹೊರಗುಳಿದವು. ಮೊದಲು ಹಿಂಜರಿಯುತ್ತಿದ್ದ ಪಶ್ಚಿಮ ಜರ್ಮನಿ 1982ರ ಹೊತ್ತಿಗೆ ಮನಸ್ಸು ಬದಲಿಸಿತ್ತು, ಏಕೆಂದರೆ ತನ್ನದೇ ಕಾಡುಗಳು ಒಣಗುತ್ತಿವೆ ಎಂಬ ಆತಂಕ ಅಲ್ಲಿನ ಜನರಲ್ಲಿ ಹರಡಿತ್ತು. ಮುಂದೆ 1994ರ ಆಸ್ಲೋ ಒಡಂಬಡಿಕೆಗೆ ಆಸ್ಟ್ರಿಯಾದ ಲಾಕ್ಸನ್‌ಬರ್ಗ್‌ನಲ್ಲಿರುವ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆಯೊಂದು ರೂಪಿಸಿದ ಗಣಿತ ಮಾದರಿಯು ಆಧಾರವಾಯಿತು. ಆ ಸಂಸ್ಥೆ 1972ರಲ್ಲಿ ಸ್ಥಾಪನೆಯಾದದ್ದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ವಿಜ್ಞಾನ ಅಕಾಡೆಮಿಗಳೆರಡೂ ಕೂಡಿಕೊಂಡ ಮೇಲೆ. ಯಾರ ಹೊಗೆ ಯಾರ ಕಾಡಿನ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನು ಆ ಮಾದರಿಯಲ್ಲಿ ಯಾವ ದೇಶದ ಪ್ರತಿನಿಧಿಯಾದರೂ ತಾನೇ ಪರೀಕ್ಷಿಸಿ ನೋಡಬಹುದಿತ್ತು.

ಬಾಲ್ಟಿಕ್ ಸಮುದ್ರದ್ದೂ ಇದೇ ಬಗೆ. ಅದರ ದಡದ ಏಳು ರಾಷ್ಟ್ರಗಳು, ಎರಡೂ ಜರ್ಮನಿಗಳೂ ಸೇರಿದಂತೆ, 1974ರಲ್ಲಿಯೇ ಆ ಸಮುದ್ರದ ರಕ್ಷಣೆಗೆ ಒಡಂಬಡಿಕೆ ಮಾಡಿಕೊಂಡವು.

ಇದರಿಂದ ನಿಮಗೆ ನಾನು ಸೂಚಿಸುವುದು ಇಷ್ಟು: ಹೊರಗಿನ ವರದಿಯನ್ನು ತಂದು ಒಪ್ಪಿಸಲು ಹೋಗಬೇಡಿ. ಒಂದು ಸಣ್ಣ ಪ್ರಶ್ನೆಯನ್ನು ಆರಿಸಿಕೊಳ್ಳಿ. ಎರಡು ವಿರುದ್ಧ ನಿಲುವಿನವರನ್ನೇ ಜೊತೆ ಮಾಡಿ ಅಳೆಯಲು ಕಳುಹಿಸಿ. ಗಾಳಿಯಲ್ಲಿನ ಸೂಕ್ಷ್ಮ ಕಣಗಳನ್ನು ಅಳೆಯುವ ಸಣ್ಣ ಉಪಕರಣಗಳು ಈಗ ಸುಲಭವಾಗಿ ಸಿಗುತ್ತವೆ. ತೇವಾಂಶ ಹೆಚ್ಚಾದಾಗ ಅವು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು, ಆದ್ದರಿಂದ ಅಧಿಕೃತ ಮಾಪನ ಕೇಂದ್ರದ ಪಕ್ಕದಲ್ಲಿ ಕೆಲವು ದಿನ ಇಟ್ಟು ಹೊಂದಿಸಿಕೊಳ್ಳಬೇಕು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವುದಾದರೆ ಬೆಳಗಿನ ಜಾವ ಮತ್ತು ಮಧ್ಯಾಹ್ನ ಎರಡೂ ಹೊತ್ತು ಅಳೆಯಬೇಕು, ಏಕೆಂದರೆ ಪಾಚಿ ಹೆಚ್ಚಿರುವ ನೀರು ಹಗಲಿನಲ್ಲಿ ಆರೋಗ್ಯವಾಗಿ ಕಂಡು ನಸುಕಿನಲ್ಲಿ ಉಸಿರುಗಟ್ಟಿರುತ್ತದೆ. ಇಂತಹ ತಾಂತ್ರಿಕ ಎಚ್ಚರಗಳನ್ನು ಇಬ್ಬರೂ ಕೂಡಿ ಕಲಿಯುವಾಗ, ಅಳತೆ ತಪ್ಪಾಗಬಾರದೆಂಬ ಒಂದೇ ಕಾಳಜಿ ಇಬ್ಬರಲ್ಲೂ ಹುಟ್ಟುತ್ತದೆ. ತರಗತಿಯಲ್ಲಿ ಜಗಳವಾಡುತ್ತಿದ್ದ ವಿದ್ಯಾರ್ಥಿಗಳನ್ನು ಒಂದೇ ಪ್ರಯೋಗಕ್ಕೆ ಜೋಡಿಮಾಡಿದಾಗ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಉತ್ತರ: ಮನಶ್ಶಾಸ್ತ್ರ ಬೋಧಕಿ

ಅಧ್ಯಾಪಕರ ಸಲಹೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಅದಕ್ಕೆ ನನ್ನ ಕ್ಷೇತ್ರದಿಂದ ಎರಡು ಮಾತು ಸೇರಿಸಬಯಸುತ್ತೇನೆ.

ಹೆಚ್ಚು ಮಾಹಿತಿ ಕೊಟ್ಟರೆ ಜನ ಒಂದಾಗುತ್ತಾರೆ ಎಂಬ ನಂಬಿಕೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕಾಗಿದೆ. ಡ್ಯಾನ್ ಕಹಾನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹವಾಮಾನ ಬದಲಾವಣೆಯ ಅಪಾಯದ ಬಗ್ಗೆ ಅತಿ ಹೆಚ್ಚು ದೂರದೂರ ನಿಂತಿದ್ದವರು ವಿಜ್ಞಾನ ಮತ್ತು ಗಣಿತದ ತಿಳಿವಳಿಕೆ ಹೆಚ್ಚಿದ್ದವರೇ ಎಂದು ಕಂಡುಬಂದಿತು. ತಿಳಿವಳಿಕೆಯುಳ್ಳವರು ತಮ್ಮ ಗುಂಪಿನ ನಿಲುವನ್ನು ಸಮರ್ಥಿಸಿಕೊಳ್ಳುವುದರಲ್ಲಿಯೂ ಹೆಚ್ಚು ಸಮರ್ಥರಾಗಿರುತ್ತಾರೆ. ನಿಮ್ಮ ಕೂಟ ಬಿಟ್ಟುಹೋದ ಇಬ್ಬರೂ ಚೆನ್ನಾಗಿ ಓದಿಕೊಂಡವರು ಎಂದು ನೀವು ಬರೆದದ್ದನ್ನು ನೋಡಿ ನನಗೆ ಆಶ್ಚರ್ಯವಾಗಲಿಲ್ಲ.

2014ರಲ್ಲಿ ಕ್ಯಾಂಪ್‌ಬೆಲ್ ಮತ್ತು ಕೇ ಎಂಬ ಸಂಶೋಧಕರು ಇನ್ನೊಂದು ವಿಷಯ ತೋರಿಸಿದರು. ಹವಾಮಾನ ಬದಲಾವಣೆಗೆ ಪರಿಹಾರವೆಂದು ಸರ್ಕಾರಿ ನಿಯಂತ್ರಣವನ್ನು ಮುಂದಿಟ್ಟಾಗ ಅಮೆರಿಕದ ರಿಪಬ್ಲಿಕನ್ನರು ಸಮಸ್ಯೆಯನ್ನೇ ಅಷ್ಟಾಗಿ ಒಪ್ಪಲಿಲ್ಲ. ಮಾರುಕಟ್ಟೆ ಆಧಾರಿತ ಪರಿಹಾರವನ್ನು ಮುಂದಿಟ್ಟಾಗ ಹೆಚ್ಚು ಮಂದಿ ಒಪ್ಪಿದರು. ಪರಿಹಾರದ ಮೇಲಿನ ಅಸಮಾಧಾನವು ಸಮಸ್ಯೆಯ ನಿರಾಕರಣೆಯ ವೇಷ ತೊಡುತ್ತದೆ. ಈ ಗುಣ ಒಂದೇ ಪಂಥದ್ದಲ್ಲ: ಬಂದೂಕು ಮತ್ತು ಅಪರಾಧದ ವಿಷಯವನ್ನಿಟ್ಟು ಪರೀಕ್ಷಿಸಿದಾಗ ಉದಾರವಾದಿಗಳಲ್ಲಿಯೂ ಅದೇ ಪ್ರವೃತ್ತಿ ಕಂಡಿತು. ಆದ್ದರಿಂದ ಯಾರಾದರೂ ಸಮಸ್ಯೆಯೇ ಇಲ್ಲವೆಂದು ವಾದಿಸಿದಾಗ, ‘ಒಂದು ವೇಳೆ ಇದು ನಿಜವಾಗಿದ್ದರೆ, ನೀವು ಯಾವ ಪರಿಹಾರವನ್ನು ಒಪ್ಪಬಲ್ಲಿರಿ, ಯಾವುದನ್ನು ಎಂದಿಗೂ ಒಪ್ಪಲಾರಿರಿ?’ ಎಂದು ಕೇಳಿ ನೋಡಿ. ಅವರ ನಿಜವಾದ ಆತಂಕ ಅಲ್ಲಿ ಹೊರಬರುತ್ತದೆ. ಅದು ಉದ್ಯೋಗ ಹೋಗುವ ಆತಂಕವಿರಬಹುದು, ಅಧಿಕಾರಿಗಳ ಕೈಗೆ ಇನ್ನಷ್ಟು ಅಧಿಕಾರ ಹೋಗುವ ಆತಂಕವಿರಬಹುದು. ಅಂತಹ ಆತಂಕ ಗೌರವಕ್ಕೆ ಅರ್ಹವಾದದ್ದು, ಅದರ ಬಗ್ಗೆ ಮಾತನಾಡಬಹುದು.

ಒಂದು ಎಚ್ಚರಿಕೆಯ ಮಾತು. ಎದುರಿನವರಿಗೆ ಹಿತವೆನಿಸುವ ಭಾಷೆಯಲ್ಲಿ ವಿಷಯವನ್ನು ಹೇಳಿದರೆ ಒಪ್ಪಿಗೆ ಹೆಚ್ಚುತ್ತದೆ ಎಂದು ಸಂಶೋಧನೆಗಳು ಹೇಳುತ್ತವೆ. ಪರಿಶುದ್ಧತೆಯ, ಪೂರ್ವಿಕರಿಂದ ಬಂದದ್ದನ್ನು ಕಾಪಾಡುವ ಭಾಷೆ ಸಂಪ್ರದಾಯವಾದಿಗಳನ್ನು ಮುಟ್ಟುತ್ತದೆ ಎಂಬುದೂ ನಿಜ. ಆದರೆ ಆ ಭಾಷೆಯನ್ನು ಉಪಾಯವಾಗಿ ಬಳಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನೀವು ನಂಬದ ಮಾತನ್ನು ಅವರು ನಂಬಲೆಂದು ಹೇಳಿದರೆ, ಗೊತ್ತಾದ ದಿನ ಅವರು ನಿಮ್ಮನ್ನು ಮತ್ತೆ ನಂಬುವುದಿಲ್ಲ. ಆ ಮೌಲ್ಯದಲ್ಲಿ ನಿಮಗೂ ಸತ್ಯ ಕಂಡರೆ ಮಾತ್ರ ಅದನ್ನು ಬಳಸಿ.

ಉತ್ತರ: ಕಾಡಂಚಿನ ಓದುಗ

ಇಲ್ಲಿಯವರೆಗಿನ ಉತ್ತರಗಳು ಅರ್ಥಪೂರ್ಣವಾಗಿವೆ. ಆದರೂ ನಾನು ಸ್ವಲ್ಪ ಭಿನ್ನವಾದ ಮಾತನ್ನು ಹೇಳಲೇಬೇಕಾಗಿದೆ, ಏಕೆಂದರೆ ಸಂಚಾಲಕರು ತಮ್ಮ ಪ್ರಶ್ನೆಯ ಕೊನೆಯಲ್ಲಿ ಬರೆದ ಭಯಕ್ಕೆ ಯಾರೂ ನೇರವಾಗಿ ಉತ್ತರಿಸಿಲ್ಲ.

ಕ್ಯಾಲಿಫೋರ್ನಿಯಾದ ಕ್ವಿನ್ಸಿ ಎಂಬ ಸಣ್ಣ ಪಟ್ಟಣದಲ್ಲಿ, ವರ್ಷಗಟ್ಟಲೆ ಜಗಳವಾಡಿದ್ದ ಮರದ ಉದ್ಯಮದವರು ಮತ್ತು ಪರಿಸರ ಹೋರಾಟಗಾರರು 1993ರಲ್ಲಿ ಅಲ್ಲಿನ ಗ್ರಂಥಾಲಯದಲ್ಲಿ ಸೇರತೊಡಗಿದರು. ಗ್ರಂಥಾಲಯದಲ್ಲಾದರೆ ಯಾರೂ ಕೂಗಾಡುವಂತಿಲ್ಲ ಎಂಬ ಕಾರಣಕ್ಕೆ ಆ ಜಾಗವನ್ನು ಆರಿಸಿಕೊಂಡರೆಂದು ಹೇಳುತ್ತಾರೆ. ಸುತ್ತಲಿನ ರಾಷ್ಟ್ರೀಯ ಅರಣ್ಯಗಳ ನಿರ್ವಹಣೆಗೆ ಅವರು ಒಂದು ಯೋಜನೆ ರೂಪಿಸಿದರು. 1997ರಲ್ಲಿ ಅಮೆರಿಕದ ಕೆಳಮನೆ ಅದನ್ನು 429-1 ಮತಗಳಿಂದ ಅಂಗೀಕರಿಸಿತು, ಮರುವರ್ಷ ಕಾನೂನಾಯಿತು. ಸಹಮತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವುದಿದೆ ಎಂದು ಅನ್ನಿಸಬಹುದು. ಆದರೆ ದೇಶದ ಅನೇಕ ಪರಿಸರ ಸಂಸ್ಥೆಗಳು ಅದನ್ನು ಬಲವಾಗಿ ವಿರೋಧಿಸಿದವು. ಆ ಅರಣ್ಯಗಳು ಇಡೀ ದೇಶಕ್ಕೆ ಸೇರಿದವು, ಒಂದು ಊರಿನ ಗ್ರಂಥಾಲಯದಲ್ಲಿ ಕುಳಿತ ಕೆಲವರು ಎಲ್ಲರ ಪರವಾಗಿ ನಿರ್ಧರಿಸುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಮುಂದೆ ಯೋಜನೆಯ ಜಾರಿಯು ವರ್ಷಗಟ್ಟಲೆ ಮೇಲ್ಮನವಿಗಳಲ್ಲಿ, ನ್ಯಾಯಾಲಯದ ವ್ಯಾಜ್ಯಗಳಲ್ಲಿ ಸಿಲುಕಿತು. ಮೇಜಿನ ಸುತ್ತ ಇದ್ದವರು ಒಪ್ಪಿದರು ಎಂದಾಗ ನಾನು ಮೊದಲು ಕೇಳುವುದು, ಮೇಜಿನ ಬಳಿ ಯಾರು ಇರಲಿಲ್ಲ ಎಂಬುದನ್ನು.

ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದ ಕಥೆ ಇನ್ನೂ ನೋವಿನದು. ದಶಕಗಳ ಕಾಡಿನ ಜಗಳದ ನಂತರ ಉದ್ಯಮ, ಕಾರ್ಮಿಕ ಸಂಘ, ಪರಿಸರ ಸಂಘಟನೆಗಳು 2012ರಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು, 2013ರಲ್ಲಿ ಅದಕ್ಕೆ ಕಾನೂನಿನ ರೂಪ ಬಂತು. 2014ರ ಚುನಾವಣೆಯಲ್ಲಿ ಗೆದ್ದ ಹೊಸ ಸರ್ಕಾರ ಅದನ್ನು ರದ್ದು ಮಾಡಿತು. ಬದ್ಧ ಎದುರಾಳಿಗಳು ಕೂಡಿಕೊಂಡಿದ್ದರು. ಆದರೆ ಅಧಿಕಾರಕ್ಕೆ ಬರಲಿದ್ದ ಪಕ್ಷವನ್ನು ಅವರು ಜೊತೆಗೆ ತಂದಿರಲಿಲ್ಲ.

ಇನ್ನೊಂದು ಮಾತು. ಎರಡು ನಿಲುವುಗಳ ನಡುವಿನ ಬಿಂದುವನ್ನೇ ಸಹಮತವೆಂದು ತಿಳಿಯುವ ಅಪಾಯ ಯಾವಾಗಲೂ ಇರುತ್ತದೆ. ಒಬ್ಬರು ಕಾಡನ್ನು ಪೂರ್ತಿ ಉಳಿಸಿ ಎನ್ನುತ್ತಾರೆ, ಇನ್ನೊಬ್ಬರು ಪೂರ್ತಿ ಮುಳುಗಿಸಿ ಎನ್ನುತ್ತಾರೆ, ಅರ್ಧ ಮುಳುಗಿಸೋಣ ಎಂದರೆ ಅದು ಸಹಮತವೇ? ಕೇರಳದ ಸೈಲೆಂಟ್ ವ್ಯಾಲಿ ಕಾಡನ್ನು ನೆನಪಿಸಿಕೊಳ್ಳಿ. ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟಬೇಕೆಂಬ ವಿಷಯದಲ್ಲಿ ಕೇರಳದ ಎದುರಾಳಿ ಪಕ್ಷಗಳು ಒಂದೇ ದನಿಯಲ್ಲಿದ್ದವು. ಪಕ್ಷಗಳ ನಡುವಿನ ಒಮ್ಮತ ಅಲ್ಲಿ ಕಾಡಿನ ವಿರುದ್ಧವಾಗಿತ್ತು! ಅದನ್ನು ಪ್ರಶ್ನಿಸಿದ್ದು ವಿಜ್ಞಾನಿಗಳು, ಕವಿಗಳು ಮತ್ತು ಜನವಿಜ್ಞಾನ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು. ಆ ಪರಿಷತ್ತಿನಲ್ಲಿ ಎಡಪಂಥಕ್ಕೆ ಹತ್ತಿರದವರೇ ಅನೇಕರಿದ್ದರು. ತಾವು ಮೆಚ್ಚಿದ ಪಕ್ಷ ಬೆಂಬಲಿಸಿದ ಯೋಜನೆಯನ್ನೇ ಅವರು ಎದುರಿಸಿದರು. ಕೊನೆಗೆ ಯೋಜನೆಯನ್ನು ಕೈಬಿಡುವಂತೆ ಮಾಡುವುದರಲ್ಲಿ ಬೇರೊಂದು ಪಕ್ಷದ ಪ್ರಧಾನಿ ಇಂದಿರಾ ಗಾಂಧಿಯವರ ಪಾತ್ರ ದೊಡ್ಡದಿತ್ತು. 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಗೆರೆ ದಾಟಿದವರು ಇದ್ದರು, ಆದರೆ ಕಾಡನ್ನು ಅರ್ಧಕ್ಕೆ ಹಂಚಿಕೊಂಡವರು ಇರಲಿಲ್ಲ. ನಿಮ್ಮ ಕೂಟದಲ್ಲಿಯೂ ‘ನನ್ನ ಪಕ್ಷ ಈ ವಿಷಯದಲ್ಲಿ ತಪ್ಪು ಮಾಡಿದೆ’ ಎಂದು ಒಬ್ಬೊಬ್ಬರೂ ಒಂದೊಂದು ಉದಾಹರಣೆ ಹೇಳಬಲ್ಲರೇ ಎಂದು ಕೇಳಿ ನೋಡಿ. ಎಲ್ಲರೂ ಹೇಳಬಲ್ಲರಾದರೆ ನಿಮ್ಮ ಕೂಟ ಬದುಕಿದೆ ಎಂದರ್ಥ.

ಉತ್ತರ: ಇತಿಹಾಸದ ವಿದ್ಯಾರ್ಥಿ

ಕಾಡಂಚಿನ ಓದುಗರ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ನನ್ನ ಮೊದಲ ಉತ್ತರದಲ್ಲಿ ಸೋತ ಪ್ರಯತ್ನಗಳನ್ನು ಹೇಳದೆ ಬಿಟ್ಟದ್ದು ಸರಿಯಲ್ಲ. ಆಮ್ಲಮಳೆಯ ಕಾನೂನಿನಲ್ಲಿ ನಡುವಿನ ಬಿಂದುವನ್ನು ಹುಡುಕಲಿಲ್ಲ ಎಂಬುದನ್ನೂ ನಾನು ಇನ್ನಷ್ಟು ಒತ್ತಿ ಹೇಳಬೇಕಿತ್ತು. ಎಷ್ಟು ಇಳಿಯಬೇಕು ಎಂಬುದು ಗಟ್ಟಿಯಾಗಿತ್ತು, ಹೇಗೆ ಎಂಬುದರಲ್ಲಿ ಮಾತ್ರ ಸಡಿಲಿಕೆ ಇತ್ತು.

ಒಮ್ಮತ ಮುರಿಯುವ ವಿಷಯ ಬಂದದ್ದರಿಂದ ಬ್ರಿಟನ್ನಿನ ಪ್ರಸಂಗವನ್ನೂ ಸೇರಿಸುತ್ತೇನೆ. 2008ರ ಹವಾಮಾನ ಬದಲಾವಣೆ ಕಾಯ್ದೆಯನ್ನು ಲೇಬರ್ ಸರ್ಕಾರ ತಂದಾಗ ವಿರೋಧಿಸಿದವರು ಬೆರಳೆಣಿಕೆಯಷ್ಟು ಸದಸ್ಯರು. ಗುರಿಯನ್ನು ಪೂರ್ಣ ನಿವ್ವಳ ಶೂನ್ಯಕ್ಕೆ (ಹೊರಸೂಸಿದಷ್ಟೇ ಹಸಿರುಮನೆ ಅನಿಲವನ್ನು ಮರಳಿ ಹೀರಿಕೊಳ್ಳುವ ಮಟ್ಟಕ್ಕೆ) ಬಿಗಿಗೊಳಿಸಿದ್ದು 2019ರಲ್ಲಿ ಕನ್ಸರ್ವೇಟಿವ್ ಸರ್ಕಾರ. ಅದೇ ಪಕ್ಷದ ನಾಯಕತ್ವ 2025ರಲ್ಲಿ ಆ ಕಾಯ್ದೆಯನ್ನೇ ರದ್ದುಪಡಿಸುವ ಭರವಸೆ ನೀಡಿತು. ಒಪ್ಪಿಗೆಯನ್ನು ಒಮ್ಮೆ ಪಡೆದು ಕಪಾಟಿನಲ್ಲಿ ಇಡಲು ಬರುವುದಿಲ್ಲ. ಕಾರಣಗಳನ್ನು ಪ್ರತಿ ತಲೆಮಾರಿಗೂ ಮತ್ತೆ ಹೇಳಬೇಕಾಗುತ್ತದೆ.

ಉತ್ತರ: ಹೊಸ ಸದಸ್ಯ

ನಾನು ಹೆಚ್ಚು ಓದಿದವನಲ್ಲ, ಆದರೆ ಐರ್ಲೆಂಡಿನ ನಾಗರಿಕ ಸಭೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅಲ್ಲಿ 99 ಸಾಮಾನ್ಯ ನಾಗರಿಕರನ್ನು ಯಾದೃಚ್ಛಿಕವಾಗಿ ಆರಿಸಿ, ಒಬ್ಬ ಅಧ್ಯಕ್ಷರನ್ನು ನೇಮಿಸಿ, 2017ರಲ್ಲಿ ಎರಡು ವಾರಾಂತ್ಯಗಳನ್ನು ಹವಾಮಾನದ ವಿಷಯಕ್ಕೆ ಮೀಸಲಿಟ್ಟರು. ತಜ್ಞರು ಬಂದು ವಿವರಿಸಿದರು, ಸದಸ್ಯರು ಸಣ್ಣ ಗುಂಪುಗಳಲ್ಲಿ ಕುಳಿತು ಚರ್ಚಿಸಿ ಕೊನೆಗೆ ಗುಪ್ತ ಮತದಾನ ಮಾಡಿದರು. ಇಂಗಾಲ ಹೆಚ್ಚು ಹೊರಸೂಸುವ ಚಟುವಟಿಕೆಗಳಿಗೆ ಹೆಚ್ಚಿನ ತೆರಿಗೆ ಕಟ್ಟಲು ಸಿದ್ಧ ಎಂದು ಶೇಕಡಾ 80 ಮಂದಿ ಹೇಳಿದರು. ಮತ ಕೇಳಲು ಹೋಗುವ ರಾಜಕಾರಣಿ ಹೇಳಲು ಅಂಜುವ ಮಾತದು. ಮತ ಗುಪ್ತವಾಗಿದ್ದದ್ದು ಮುಖ್ಯವೆಂದು ನನಗೆ ತೋರುತ್ತದೆ. ನಾಲ್ಕು ಜನರ ಮುಂದೆ ಕೈ ಎತ್ತುವಾಗ ಮನುಷ್ಯ ತನ್ನ ಕಡೆಯವರ ಮುಖ ನೋಡುತ್ತಾನೆ.

ಸಂಚಾಲಕಿಯ ಮರುಮಾತು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಹೊಸ ಸದಸ್ಯರ ಕೊನೆಯ ವಾಕ್ಯವನ್ನು ಎರಡು ಬಾರಿ ಓದಿದೆ. ನಮ್ಮಲ್ಲಿ ಯಾವಾಗಲೂ ಕೈ ಎತ್ತಿಸಿಯೇ ಅಭಿಪ್ರಾಯ ಕೇಳುತ್ತಿದ್ದೆವು.

ಮುಂದಿನ ಮೂರು ತಿಂಗಳು ಒಂದೇ ಪ್ರಶ್ನೆಯನ್ನು ಹಿಡಿಯಬೇಕೆಂದು ಯೋಚಿಸಿದ್ದೇನೆ: ಶಾಲೆ ಬಿಡುವ ಹೊತ್ತಿನಲ್ಲಿ ಮಕ್ಕಳು ಉಸಿರಾಡುವ ಗಾಳಿ ಹೇಗಿದೆ? ಅಳೆಯುವ ವಿಧಾನವನ್ನು ಮೊದಲ ಸಭೆಯಲ್ಲಿ ಎಲ್ಲರೂ ಕೂಡಿ ನಿಶ್ಚಯಿಸುತ್ತೇವೆ, ಎಷ್ಟು ಬಂದರೆ ಅದನ್ನು ಕೆಟ್ಟದ್ದೆಂದು ಒಪ್ಪಬೇಕು ಎಂಬುದನ್ನೂ ಅಳೆಯುವ ಮೊದಲೇ ಬರೆದಿಡುತ್ತೇವೆ. ಮಕ್ಕಳ ತಂದೆತಾಯಂದಿರು, ವಾಹನ ಚಾಲಕರು ನಮ್ಮ ಕೂಟದಲ್ಲಿಲ್ಲ. ಕಾಡಂಚಿನ ಓದುಗರ ಮಾತಿನ ನಂತರ ಅವರನ್ನು ಕರೆಯದೆ ಆರಂಭಿಸಬಾರದು ಎನ್ನಿಸಿದೆ.

ಕೂಟ ಬಿಟ್ಟುಹೋದ ಇಬ್ಬರಿಗೂ ಪತ್ರ ಬರೆಯಬೇಕು. ಅದರಲ್ಲಿ ರಾಜಿಯ ಮಾತು ಬರೆಯಲೇ ಅಥವಾ ಕೆಲಸದ ಮಾತು ಬರೆಯಲೇ ಎಂಬುದು ತಿಳಿಯುತ್ತಿಲ್ಲ.

ಉತ್ತರ: ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ

ಕೆಲಸದ ಮಾತನ್ನೇ ಬರೆಯಿರಿ. ಕ್ಷಮೆ ಕೇಳಿಕೊಳ್ಳಿ ಎಂದು ಇಬ್ಬರಿಗೂ ಹೇಳಿದರೆ ಯಾರು ಮೊದಲು ಎಂಬ ಇನ್ನೊಂದು ಜಗಳ ಹುಟ್ಟುತ್ತದೆ. ಉಪಕರಣವನ್ನು ಅಧಿಕೃತ ಕೇಂದ್ರದ ಪಕ್ಕದಲ್ಲಿಟ್ಟು ಒಂದು ವಾರ ಹೊಂದಿಸಿಕೊಳ್ಳಲು ಇಬ್ಬರು ಬೇಕಾಗಿದ್ದಾರೆ, ಪ್ರತಿದಿನ ಒಬ್ಬರು ಓದಿದ ಅಂಕಿಯನ್ನು ಇನ್ನೊಬ್ಬರು ಬರೆದುಕೊಂಡು ಇಬ್ಬರೂ ಸಹಿ ಹಾಕಬೇಕಾಗುತ್ತದೆ, ನೀವಿಬ್ಬರೂ ಒಪ್ಪಿದ ಅಂಕಿಯನ್ನು ಕೂಟದಲ್ಲಿ ಬೇರೆ ಯಾರೂ ಪ್ರಶ್ನಿಸಲಾರರು ಎಂದು ಬರೆಯಿರಿ. ಇಬ್ಬರಿಗೂ ಒಂದೇ ಪತ್ರವನ್ನು ಕಳುಹಿಸಿ, ಅದು ಒಂದೇ ಪತ್ರವೆಂಬುದು ಇಬ್ಬರಿಗೂ ಗೊತ್ತಾಗುವಂತಿರಲಿ. ಉಪಕರಣದ ಹೊಂದಾಣಿಕೆಯ ಲೆಕ್ಕದಲ್ಲಿ ಸಹಾಯ ಬೇಕಾದರೆ ಇಲ್ಲಿಯೇ ಅಂಕಿಗಳನ್ನು ಹಾಕಿ, ನಾನು ನೋಡಿಕೊಡುತ್ತೇನೆ.